ಮನೆಯಂಗಳದಲ್ಲಿ ಕಾರಿನ ಸೈಲೆನ್ಸರ್, ಸಸ್ಪೆನ್ಷನ್ ಕೆಲಸ: ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು?

ನಿಟ್ಟೆ (ಕಾರ್ಕಳ): ಪಡುಬಿದ್ರಿಯಿಂದ ಕಾರ್ಕಳಕ್ಕೆ ಸಾಗುವ ರಾಜ್ಯ ಹೆದ್ದಾರಿಯಲ್ಲಿ ಬೆಳ್ಮಣ್ ದಾಟಿದ ಬಳಿಕ ಸಿಗುವ ಊರು ನಿಟ್ಟೆ. 1986ರಲ್ಲಿ ಇಲ್ಲಿ ಎನ್.ಎಂ.ಎ.ಎಂ. ತಾಂತ್ರಿಕ ಮಹಾವಿದ್ಯಾಲಯ ಆರಂಭವಾಯಿತು. ಪಕ್ಕದ ಮಣಿಪಾಲದಲ್ಲಿ ತಾಂತ್ರಿಕ ಶಿಕ್ಷಣದ ಇತಿಹಾಸ 1957ರಷ್ಟು ಹಿಂದಕ್ಕೆ ಹೋಗುತ್ತದೆ. ಯಂತ್ರಶಾಸ್ತ್ರ ಕಲಿಯುವ ಯುವಕರು ಇರುವಲ್ಲಿ ಯಂತ್ರಗಳನ್ನು ಬಿಚ್ಚಿ ನೋಡುವ ಕುತೂಹಲವೂ ಇರುತ್ತದೆ. ಸ್ವಂತ ಕಾರಿನ ಸೈಲೆನ್ಸರ್ ಬದಲಿಸುವುದು, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬದಲಿಸುವುದು ಈ ಕುತೂಹಲದ ಮೊದಲ ಮೆಟ್ಟಿಲುಗಳು. ಇವೆರಡೂ ಮನೆಯಂಗಳದಲ್ಲಿ ಮಾಡಬಹುದಾದ ಕೆಲಸಗಳೇ ಆಗಿವೆ. ಆದರೆ ಸವೆದುದನ್ನು ಹೊಸದಾಗಿಸುವುದಕ್ಕೂ ವಾಹನದ ಮೂಲ ಗುಣವನ್ನೇ ಬದಲಿಸುವುದಕ್ಕೂ ನಡುವೆ ಒಂದು ಗೆರೆ ಇದೆ. ಆ ಗೆರೆ ದಾಟಿದವರು ಹಣ, ಚಾಲನಾ ಪರವಾನಗಿ, ಕೆಲವೊಮ್ಮೆ ಪ್ರಾಣವನ್ನೂ ಪಣಕ್ಕಿಡುತ್ತಾರೆ.

ಕನಸಿನ ಕಾರು, ಅಂಗಳದ ಕಾರು

ದೊಡ್ಡ ಎಂಜಿನ್, ಎರಡು ಬಾಗಿಲು, ಗುಡುಗಿನಂಥ ಶಬ್ದ - ಇದು ಅಮೆರಿಕದ 'ಮಸಲ್ ಕಾರು'ಗಳ ಲಕ್ಷಣ. 1964ರಲ್ಲಿ ಪಾಂಟಿಯಾಕ್ ಜಿಟಿಒ ಮತ್ತು ಫೋರ್ಡ್ ಮಸ್ಟಾಂಗ್ ಮಾರುಕಟ್ಟೆಗೆ ಬಂದ ಮೇಲೆ ಈ ಪರಂಪರೆ ಗಟ್ಟಿಯಾಯಿತು. ಇವುಗಳ ಪೈಕಿ ಭಾರತದಲ್ಲಿ ಅಧಿಕೃತವಾಗಿ ಮಾರಾಟವಾದ ಪ್ರಮುಖ ಕಾರು ಮಸ್ಟಾಂಗ್ ಜಿಟಿ. 2016ರಲ್ಲಿ ಇದು ಇಲ್ಲಿಗೆ ಬಂದಾಗ ದಿಲ್ಲಿಯ ಷೋರೂಂ ಬೆಲೆ 65 ಲಕ್ಷ ರೂಪಾಯಿ. ಐದು ಲೀಟರ್ ಸಾಮರ್ಥ್ಯದ, ಎಂಟು ಸಿಲಿಂಡರ್‌ಗಳ ಎಂಜಿನ್ ಅದರದ್ದು. ಫೋರ್ಡ್ ಕಂಪೆನಿ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು.

ಕರಾವಳಿಯ ಅಂಗಳಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸ್ವಿಫ್ಟ್, ಪೋಲೊ, ಥಾರ್‌ನಂಥ ವಾಹನಗಳು. ಆಸೆ ಮಸ್ಟಾಂಗ್‌ನ ಶಬ್ದದ್ದು, ಕೆಲಸ ನಡೆಯುವುದು ಸ್ವಿಫ್ಟ್‌ನ ಅಡಿಯಲ್ಲಿ. ಆದರೂ ಮೂಲ ತತ್ತ್ವಗಳು ಒಂದೇ. ಮಸ್ಟಾಂಗ್, ಸ್ವಿಫ್ಟ್, ಪೋಲೊ ಮೂರರಲ್ಲೂ ಮುಂಭಾಗದ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್ ಮಾದರಿಯದು. ಹೊಗೆ ಸಾಗುವ ಕ್ರಮವೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಅಳತೆ ಮತ್ತು ಬಲ. ಉದಾಹರಣೆಗೆ, ಪೋಲೊದ ಚಕ್ರದ ಬೋಲ್ಟುಗಳನ್ನು 120 ನ್ಯೂಟನ್ ಮೀಟರ್ ಬಲದಲ್ಲಿ ಬಿಗಿಯಬೇಕು. ಮಸ್ಟಾಂಗ್‌ನ ಚಕ್ರದ ನಟ್ಟುಗಳಿಗೆ 204 ನ್ಯೂಟನ್ ಮೀಟರ್ ಬೇಕು. ಅಂದಾಜಿನ ಕೆಲಸಕ್ಕೆ ಇಲ್ಲಿ ಎಡೆಯಿಲ್ಲ.

ಹೊಗೆ ಸಾಗುವ ದಾರಿ

ಎಂಜಿನ್‌ನ ಸಿಲಿಂಡರ್‌ಗಳಿಂದ ಹೊರಬರುವ ಬಿಸಿ ಅನಿಲ ಮೊದಲು ಮ್ಯಾನಿಫೋಲ್ಡ್ ಎಂಬ ಕವಲು ಕೊಳವೆಯಲ್ಲಿ ಒಂದಾಗುತ್ತದೆ. ಅಲ್ಲಿಂದ ಕ್ಯಾಟಲಿಟಿಕ್ ಕನ್ವರ್ಟರ್, ಬಳಿಕ ರೆಸೊನೇಟರ್, ಕೊನೆಯಲ್ಲಿ ಸೈಲೆನ್ಸರ್ ಮತ್ತು ಬಾಲಕೊಳವೆ. ಕನ್ವರ್ಟರ್‌ನ ಒಳಗೆ ಜೇನುಗೂಡಿನಂಥ ರಚನೆಯ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ ಇರುತ್ತದೆ. ವಿಷಕಾರಿ ಕಾರ್ಬನ್ ಮೊನಾಕ್ಸೈಡ್, ಉರಿಯದೆ ಉಳಿದ ಇಂಧನದ ಅಂಶ ಮತ್ತು ನೈಟ್ರೊಜನ್ ಆಕ್ಸೈಡ್‌ಗಳನ್ನು ಇದು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ನೈಟ್ರೊಜನ್ ಆಗಿ ಪರಿವರ್ತಿಸುತ್ತದೆ. ಈ ಲೋಹಗಳು ದುಬಾರಿಯಾದುದರಿಂದಲೇ ದೇಶದ ಹಲವೆಡೆ ಮಾರುತಿ ಈಕೋ ವ್ಯಾನ್‌ಗಳ ಸೈಲೆನ್ಸರ್ ಕಳವಾದ ಪ್ರಕರಣಗಳು ವರದಿಯಾಗಿವೆ.

ಕನ್ವರ್ಟರ್‌ನ ಹಿಂದೆ ಮುಂದೆ ಆಮ್ಲಜನಕ ಅಳೆಯುವ ಸಂವೇದಕಗಳಿರುತ್ತವೆ. ಎಂಜಿನ್‌ನ ಕಂಪ್ಯೂಟರ್ ಈ ಸಂವೇದಕಗಳ ಸೂಚನೆಯಂತೆ ಇಂಧನದ ಪ್ರಮಾಣವನ್ನು ಸರಿಪಡಿಸುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್-6 ಮಾನದಂಡದ ಕಾರುಗಳಲ್ಲಿ ಈ ನಿಗಾ ಇನ್ನಷ್ಟು ಬಿಗಿಯಾಗಿದೆ. ಕನ್ವರ್ಟರ್ ತೆಗೆದು ಬರಿಯ ಕೊಳವೆ ಕೂರಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಹೊಗೆ ತಪಾಸಣೆಯಲ್ಲಿ ವಾಹನ ಅನುತ್ತೀರ್ಣವಾಗುವ ಸಂಭವವೂ ಹೆಚ್ಚು. ಆದ್ದರಿಂದ ಮನೆಯ ಕೆಲಸ ಏನಿದ್ದರೂ ಕನ್ವರ್ಟರ್‌ನ ಹಿಂದಿನ ಭಾಗಕ್ಕೆ ಸೀಮಿತವಾಗಿರಬೇಕು.

ಶಬ್ದ ಹೆಚ್ಚಿದರೆ ಶಕ್ತಿ ಹೆಚ್ಚುವುದೇ?

ಇಲ್ಲ ಎಂಬುದೇ ನೇರ ಉತ್ತರ. ಸೈಲೆನ್ಸರ್‌ನ ಒಳಗಿನ ಗೋಡೆಗಳನ್ನು ಒಡೆದು ತೆಗೆದರೆ ಶಬ್ದ ಹೆಚ್ಚುತ್ತದೆ. ಕಾರಿನ ವೇಗವರ್ಧನೆ ಹೆಚ್ಚುತ್ತದೆ ಎಂದೇನಿಲ್ಲ. ಅನಿಲ ಸರಾಗವಾಗಿ ಸಾಗಬೇಕು ಎಂಬುದು ನಿಜ. ಆದರೆ ಕೊಳವೆಯ ವ್ಯಾಸ ಅಗತ್ಯಕ್ಕಿಂತ ದೊಡ್ಡದಾದರೆ ಅನಿಲದ ವೇಗ ತಗ್ಗುತ್ತದೆ, ಕಡಿಮೆ ಸುತ್ತುಗಳಲ್ಲಿ ಎಂಜಿನ್‌ನ ಎಳೆತ ಕುಂದುತ್ತದೆ. ಊರಿನ ರಸ್ತೆಯಲ್ಲಿ, ಘಾಟಿಯ ಏರಿನಲ್ಲಿ ಚಾಲಕನಿಗೆ ಬೇಕಾಗುವುದು ಇದೇ ಎಳೆತ. ಐದು ಲೀಟರ್ ಎಂಜಿನ್‌ಗೆ ಒಪ್ಪುವ ಕೊಳವೆ 1.2 ಲೀಟರ್ ಎಂಜಿನ್‌ಗೆ ಒಪ್ಪುವುದಿಲ್ಲ.

ಶಬ್ದದ ಲೆಕ್ಕವನ್ನೂ ತಿಳಿದಿರಬೇಕು. ಡೆಸಿಬಲ್ ಮಾಪನದಲ್ಲಿ 3 ಅಂಕ ಏರಿದರೆ ಶಬ್ದದ ಶಕ್ತಿ ದುಪ್ಪಟ್ಟಾಗುತ್ತದೆ. 10 ಅಂಕ ಏರಿದರೆ ಕಿವಿಗೆ ಎರಡು ಪಟ್ಟು ಜೋರಾಗಿ ಕೇಳುತ್ತದೆ. ತಯಾರಿಕಾ ಹಂತದಲ್ಲಿ ಪ್ರಯಾಣಿಕರ ಕಾರಿಗೆ 2005ರ ಏಪ್ರಿಲ್‌ನಿಂದ ನಿಗದಿಯಾದ ಮಿತಿ 74 ಡೆಸಿಬಲ್. 175 ಸಿ.ಸಿ.ಗಿಂತ ಹೆಚ್ಚಿನ ಸಾಮರ್ಥ್ಯದ ದ್ವಿಚಕ್ರ ವಾಹನಕ್ಕೆ 80 ಡೆಸಿಬಲ್. ಇವು ನಿಗದಿತ ದೂರದಿಂದ ಅಳೆಯುವ ಪ್ರಮಾಣಗಳು.

ವಾಹನದ ಆಚೆಗೆ ಪರಿಸರದ ಶಬ್ದಕ್ಕೂ ಮಿತಿಯಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ 10 ಗಂಟೆಯಿಂದ ಬೆಳಗ್ಗೆ 6ರವರೆಗೆ. ಆಸ್ಪತ್ರೆ, ಶಿಕ್ಷಣ ಸಂಸ್ಥೆ, ನ್ಯಾಯಾಲಯಗಳ ಸುತ್ತ 100 ಮೀಟರ್ ವ್ಯಾಪ್ತಿಯ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40. ಆಸ್ಪತ್ರೆ ಮತ್ತು ಕಾಲೇಜುಗಳಿಂದಲೇ ಬೆಳೆದ ಮಣಿಪಾಲದಂಥ ಊರಿನಲ್ಲಿ ಮಧ್ಯರಾತ್ರಿ ಹಾದುಹೋಗುವ ಒಂದು ಕರ್ಕಶ ಸೈಲೆನ್ಸರ್ ಎಷ್ಟು ರೋಗಿಗಳ ನಿದ್ದೆ ಕೆಡಿಸಬಲ್ಲದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನೀಡಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದು ಎಂಬುದು ಇದರ ಸಾರಾಂಶ. ವಾಹನದ ರಚನೆಯಲ್ಲಿ ಬದಲಾವಣೆ ಮಾಡಿ ಅದರ ಮೂಲ ಲಕ್ಷಣವೇ ಬದಲಾದರೆ ಅದು ಮಾರ್ಪಾಡು ಎಂದು ಕಲಮಿನ ವಿವರಣೆ ತಿಳಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ತೀರ್ಪು ನೀಡಿ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲ ಎಂದು ಸ್ಪಷ್ಟಪಡಿಸಿತು.

ಅದೇ ವರ್ಷದ ತಿದ್ದುಪಡಿ ಕಾಯಿದೆ ದಂಡವನ್ನು ಬಿಗಿಗೊಳಿಸಿತು. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಕಲಮಿನನ್ವಯ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಶಬ್ದ, ಹೊಗೆ ಹಾಗೂ ರಸ್ತೆ ಸುರಕ್ಷತೆಯ ಮಾನದಂಡ ಉಲ್ಲಂಘಿಸಿದರೆ 190(2)ನೇ ಕಲಮಿನನ್ವಯ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಜತೆಗೆ ಮೂರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ. ಸ್ಥಳದಲ್ಲೇ ಕಟ್ಟಿ ಮುಗಿಸುವ ರಾಜಿ ದಂಡವನ್ನು ರಾಜ್ಯ ಸರಕಾರ ನಿಗದಿಪಡಿಸುತ್ತದೆ. ಅದು ಇದಕ್ಕಿಂತ ಕಡಿಮೆ ಇರಬಹುದು. ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ವಾಹನಕ್ಕೂ ಶಬ್ದ ತಗ್ಗಿಸುವ ಸೈಲೆನ್ಸರ್ ಕಡ್ಡಾಯ ಎನ್ನುತ್ತದೆ.

ರಾಜ್ಯದ ಹಲವು ನಗರಗಳಲ್ಲಿ ಪೊಲೀಸರು ವಶಪಡಿಸಿಕೊಂಡ ದೋಷಪೂರಿತ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸಿದ ದೃಶ್ಯ ಓದುಗರಿಗೆ ಪರಿಚಿತವೇ. ಅವುಗಳಲ್ಲಿ ಹೆಚ್ಚಿನವು ಬುಲೆಟ್‌ನಂಥ ದ್ವಿಚಕ್ರ ವಾಹನಗಳದ್ದು. ಕಾರಿಗೂ ಕಾನೂನು ಅದೇ.

ಹೀಗಾಗಿ ಗೆರೆ ಎಲ್ಲಿದೆ ಎಂಬುದು ಸ್ಪಷ್ಟ. ತುಕ್ಕು ಹಿಡಿದ ಸೈಲೆನ್ಸರ್‌ಗೆ ಬದಲಾಗಿ ಅದೇ ಮಾದರಿಗೆ ಒಪ್ಪುವ, ಶಬ್ದ ಮಿತಿಯೊಳಗಿನ ಹೊಸ ಸೈಲೆನ್ಸರ್ ಹಾಕುವುದು ದುರಸ್ತಿ. ಸೋರುವ ಶಾಕ್ ಅಬ್ಸಾರ್ಬರ್ ಬದಲು ಅದೇ ಅಳತೆಯ, ಇನ್ನೂ ಉತ್ತಮ ಗುಣಮಟ್ಟದ್ದನ್ನು ಹಾಕುವುದೂ ದುರಸ್ತಿ. ಸೈಲೆನ್ಸರ್ ಕಿತ್ತೆಸೆಯುವುದು, ಕನ್ವರ್ಟರ್ ತೆಗೆಯುವುದು, ಸ್ಪ್ರಿಂಗ್ ಕತ್ತರಿಸುವುದು ದುರಸ್ತಿಯಲ್ಲ.

ಉಪ್ಪುಗಾಳಿ ಮತ್ತು ಮಳೆ

ಕರಾವಳಿಯಲ್ಲಿ ಸೈಲೆನ್ಸರ್ ಬದಲಿಸಲು ನ್ಯಾಯವಾದ ಕಾರಣವೇ ಇದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4 ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ಕಾಪು, ಮಲ್ಪೆಯಂಥ ಕಡಲತೀರಗಳಲ್ಲಿ ಗಾಳಿಯಲ್ಲೇ ಉಪ್ಪಿದೆ. ಇದರೊಂದಿಗೆ ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಸೈಲೆನ್ಸರ್ ಪೂರ್ತಿ ಬಿಸಿಯಾಗುವುದಿಲ್ಲ. ನೀರಾವಿ ಒಳಗೇ ತಂಗಿ ಆಮ್ಲಯುಕ್ತ ನೀರಾಗಿ ಲೋಹವನ್ನು ತಿನ್ನುತ್ತದೆ.

ಬದಲಿ ಸೈಲೆನ್ಸರ್ ಕೊಳ್ಳುವಾಗ ಲೋಹದ ಜಾತಿಯನ್ನು ಕೇಳಬೇಕು. ಅಲ್ಯೂಮಿನಿಯಂ ಲೇಪಿತ ಉಕ್ಕು ಅಗ್ಗ. ಲೇಪ ಗೀಚಿದಲ್ಲಿ ತುಕ್ಕು ಶುರು. 409 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಮೇಲ್ಮೈಯಲ್ಲಿ ಕಂದು ಬಣ್ಣಕ್ಕೆ ತಿರುಗಿದರೂ ಬಾಳಿಕೆ ಬರುತ್ತದೆ. 304 ದರ್ಜೆಯದ್ದು ದುಬಾರಿ, ಆದರೆ ತುಕ್ಕನ್ನು ಹೆಚ್ಚು ತಡೆಯುತ್ತದೆ. ಕರಾವಳಿಯವರ ಮಟ್ಟಿಗೆ ಸೈಲೆನ್ಸರ್‌ನ ನಿಜವಾದ ಮೇಲ್ದರ್ಜೆ ಎಂದರೆ ಇದುವೇ: ಅದೇ ಶಬ್ದ, ಹೆಚ್ಚು ಆಯುಷ್ಯ.

ಸೈಲೆನ್ಸರ್ ಬದಲಿಸುವ ಕ್ರಮ

ಎಂಜಿನ್ ಪೂರ್ತಿ ತಣ್ಣಗಾದ ಬಳಿಕವೇ ಕೆಲಸಕ್ಕೆ ಕೈಹಾಕಬೇಕು. ತುಕ್ಕು ಹಿಡಿದ ನಟ್ಟು ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹಾಕಿಟ್ಟರೆ ಅರ್ಧ ಕೆಲಸ ಆದಂತೆ. ಸೈಲೆನ್ಸರನ್ನು ಹಿಡಿದಿರುವ ರಬ್ಬರ್ ತೂಗುಪಟ್ಟಿಗಳಿಗೆ ಸಾಬೂನು ನೀರು ಹಚ್ಚಿದರೆ ಸುಲಭವಾಗಿ ಜಾರುತ್ತವೆ. ಬಿರುಕು ಬಿಟ್ಟ ರಬ್ಬರ್, ಹಳೆಯ ಗ್ಯಾಸ್ಕೆಟ್‌ಗಳನ್ನು ಮತ್ತೆ ಬಳಸಬಾರದು.

ಹೊಸ ಭಾಗಗಳನ್ನು ಮೊದಲು ಸಡಿಲವಾಗಿ ತೂಗುಹಾಕಿ, ದೇಹ, ಇಂಧನ ಟ್ಯಾಂಕ್, ಬ್ರೇಕ್ ಕೊಳವೆಗಳಿಗೆ ತಾಗದಂತೆ ಅಂತರ ನೋಡಿಕೊಂಡು, ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬರಬೇಕು. ಎಂಜಿನ್ ಚಾಲೂ ಮಾಡಿದ ಕೂಡಲೇ ಕೊಳವೆ ಬಿಸಿಯಾಗುವ ಮುನ್ನ ಜೋಡಣೆಗಳ ಮೇಲೆ ಸಾಬೂನು ನೀರು ಸಿಂಪಡಿಸಿದರೆ ಸೋರಿಕೆ ಇರುವಲ್ಲಿ ಗುಳ್ಳೆ ಏಳುತ್ತದೆ. ನೂರು ಕಿಲೋಮೀಟರ್ ಓಡಿಸಿದ ಬಳಿಕ ಎಲ್ಲ ಕ್ಲಾಂಪುಗಳನ್ನು ಮತ್ತೊಮ್ಮೆ ಬಿಗಿಯಬೇಕು. ವೆಲ್ಡಿಂಗ್ ಬೇಕಾದರೆ ಅದನ್ನು ಗ್ಯಾರೇಜಿಗೆ ಬಿಡುವುದು ಲೇಸು. ಇಂಧನ ಟ್ಯಾಂಕ್ ಪಕ್ಕದ ಕಿಡಿ ಮನೆಯಂಗಳದ ಕೆಲಸವಲ್ಲ.

ಮಳೆ ಬಂತೆಂದು ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿ ಪರೀಕ್ಷಿಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೊಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು ಬಂದಾಗಲೇ ತಡವಾಗಿರುತ್ತದೆ.

ಸಸ್ಪೆನ್ಷನ್: ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಹೊಂಡಕ್ಕೆ ಬಿದ್ದೆದ್ದ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಒತ್ತಲ್ಪಟ್ಟು ಆ ಚಲನೆಯನ್ನು ಶಾಖವಾಗಿಸುತ್ತದೆ. ಇವೆರಡೂ ಜೋಡಿಯಾಗಿ ರೂಪುಗೊಂಡವು. ಗಡಸು ಸ್ಪ್ರಿಂಗ್‌ಗೆ ಹಳೆಯ ಶಾಕ್ ಅಬ್ಸಾರ್ಬರ್ ಜೋಡಿಸಿದರೆ ಕಾರು ಹೆದ್ದಾರಿಯಲ್ಲಿ ತೇಲಾಡುತ್ತದೆ.

ಸ್ಪ್ರಿಂಗ್‌ನ ಒಂದೆರಡು ಸುತ್ತು ಕತ್ತರಿಸಿ ಕಾರನ್ನು ತಗ್ಗಿಸುವ ಪದ್ಧತಿ ಅತ್ಯಂತ ಅಪಾಯಕಾರಿ. ಕತ್ತರಿಸಿದ ಸ್ಪ್ರಿಂಗ್ ಮೊದಲಿಗಿಂತ ಗಡಸಾಗುತ್ತದೆ, ಅದರ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಪೂರ್ತಿ ಕೆಳಗಿಳಿದಾಗ ಜಾರಿ ಹೊರಬರಬಹುದು. ಲೆಕ್ಕವನ್ನೂ ನೋಡಬಹುದು. ಸ್ವಿಫ್ಟ್‌ನ ನೆಲದ ಅಂತರ 160ರಿಂದ 170 ಮಿಲಿಮೀಟರ್ ಆಸುಪಾಸು. 40 ಮಿಲಿಮೀಟರ್ ತಗ್ಗಿಸಿದರೆ ಉಳಿಯುವುದು 120ರಿಂದ 130. ಐದು ಮಂದಿ ಕುಳಿತಾಗ ಅದು ಇನ್ನಷ್ಟು ಕುಗ್ಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಕಟ್ಟಿದ ರಸ್ತೆಯುಬ್ಬಿನ ಎತ್ತರವೇ 100 ಮಿಲಿಮೀಟರ್. ಮಾನದಂಡ ಮೀರಿದ ಉಬ್ಬುಗಳು ನಮ್ಮಲ್ಲಿ ಅಪರೂಪವೇನಲ್ಲ. ಮೊದಲು ತಾಗುವುದು ಹೊಸದಾಗಿ ಹಾಕಿಸಿದ ಸೈಲೆನ್ಸರ್ ಅಥವಾ ಎಂಜಿನ್‌ನ ಎಣ್ಣೆ ತೊಟ್ಟಿ.

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಾಗಲಿ, ಕಾರ್ಕಳದಿಂದ ಮಾಳ ಮಾರ್ಗವಾಗಿ ಕುದುರೆಮುಖದತ್ತ ಏರುವ ರಸ್ತೆಯಲ್ಲಾಗಲಿ ಚಕ್ರ ನೆಲ ಬಿಡದಿರಲು ಸಸ್ಪೆನ್ಷನ್‌ಗೆ ಮೇಲೆ ಕೆಳಗೆ ಆಡುವ ಅವಕಾಶ ಬೇಕು. ತಗ್ಗಿಸಿದ ಕಾರಿನಲ್ಲಿ ಆ ಅವಕಾಶವೇ ಮೊಟಕಾಗುತ್ತದೆ. ಒದ್ದೆ ರಸ್ತೆಯಲ್ಲಿ ಇದರ ಪರಿಣಾಮ ಏನೆಂಬುದು ಊಹಿಸಬಹುದಾದುದು.

ಬದಲಿಸಬೇಕಾದ ಕಾಲ ಯಾವುದು ಎಂಬುದಕ್ಕೆ ಲಕ್ಷಣಗಳಿವೆ: ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆಯ ಜಿನುಗು, ಹೊಂಡಕ್ಕಿಳಿದಾಗ ಕಟಕಟ ಸದ್ದು, ಟೈರು ಅಲ್ಲಲ್ಲಿ ಕುಳಿಬಿದ್ದಂತೆ ಸವೆಯುವುದು, ಬ್ರೇಕ್ ಹಾಕಿದಾಗ ಮೂತಿ ಅತಿಯಾಗಿ ಬಾಗುವುದು. ಅನೇಕ ಸಲ ತಪ್ಪು ಶಾಕ್ ಅಬ್ಸಾರ್ಬರಿನದ್ದಲ್ಲ. ಸವೆದ ಲಿಂಕ್ ರಾಡ್, ಬಾಲ್ ಜಾಯಿಂಟ್ ಅಥವಾ ಲೋವರ್ ಆರ್ಮ್ ಬುಷ್‌ನದ್ದು. ಮೊದಲು ಇವುಗಳನ್ನು ಪರೀಕ್ಷಿಸಿದರೆ ದೊಡ್ಡ ಖರ್ಚು ಉಳಿಯಬಹುದು.

ಸ್ಟ್ರಟ್ ಬಿಚ್ಚುವಾಗ

ಕಾರನ್ನು ಎತ್ತುವ ಮೊದಲೇ ಚಕ್ರದ ನಟ್ಟುಗಳನ್ನು ಸಡಿಲಿಸಿ, ನೆಲದಲ್ಲಿರುವ ಚಕ್ರಗಳಿಗೆ ತಡೆ ಕೊಡಬೇಕು. ಜಾಕ್ ಇರುವುದು ಎತ್ತಲು ಮಾತ್ರ. ಎತ್ತಿದ ಕಾರನ್ನು ಹೊರಬೇಕಾದುದು ಉಕ್ಕಿನ ಸ್ಟ್ಯಾಂಡ್. ಕರಾವಳಿಯ ಮನೆಗಳಲ್ಲಿ ಕೈಗೆ ಸಿಗುವ ಮುರಕಲ್ಲನ್ನು ಸ್ಟ್ಯಾಂಡ್ ಬದಲು ಇಡುವ ಅಭ್ಯಾಸವನ್ನು ಕೈಬಿಡಲೇಬೇಕು. ರಂಧ್ರಗಳಿಂದ ಕೂಡಿದ ಈ ಕಲ್ಲು ಒಂದೇ ಬಿಂದುವಿನ ಮೇಲೆ ಭಾರ ಬಿದ್ದಾಗ ಮುನ್ಸೂಚನೆಯಿಲ್ಲದೆ ಪುಡಿಯಾಗಬಹುದು. ಮಳೆಗೆ ಮೆತ್ತಗಾದ ಅಂಗಳದಲ್ಲಿ ಜಾಕ್ ಮತ್ತು ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಇರಲಿ. ಕಾಂಕ್ರೀಟ್ ನೆಲವಿದ್ದರೆ ಇನ್ನೂ ಉತ್ತಮ.

ಬ್ರೇಕ್ ಕೊಳವೆ ಮತ್ತು ಎಬಿಎಸ್ ತಂತಿಯನ್ನು ಸ್ಟ್ರಟ್‌ನಿಂದ ಬಿಡಿಸಿ, ಬೋಲ್ಟುಗಳ ಮೂಲ ಸ್ಥಾನವನ್ನು ಗುರುತು ಮಾಡಿಕೊಂಡು ಕಳಚಬೇಕು. ಬ್ರೇಕ್ ಕ್ಯಾಲಿಪರ್ ಕಳಚಬೇಕಾಗಿ ಬಂದರೆ ಅದನ್ನು ಕೊಳವೆಯಲ್ಲಿ ನೇತಾಡಲು ಬಿಡದೆ ಕಟ್ಟಿಡಬೇಕು. ಬಾನೆಟ್ ಅಡಿ ಕಾಣುವ ಸುತ್ತಲಿನ ನಟ್ಟುಗಳನ್ನು ತೆಗೆದರೆ ಸ್ಟ್ರಟ್ ಇಡಿಯಾಗಿ ಹೊರಬರುತ್ತದೆ. ಆದರೆ ನಟ್ಟನಡುವಿನ ನಟ್ಟನ್ನು ಮುಟ್ಟಬಾರದು. ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುವುದು ಅದೊಂದೇ. ಸ್ಪ್ರಿಂಗನ್ನು ಕಂಪ್ರೆಸರ್ ಉಪಕರಣದಿಂದ ಬಿಗಿಹಿಡಿಯದೆ ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಗುಂಡಿನಂತೆ ಚಿಮ್ಮುತ್ತದೆ. ಹೊರತೆಗೆದ ಸ್ಟ್ರಟ್ಟನ್ನು ಗ್ಯಾರೇಜಿಗೆ ಒಯ್ದು ಅಲ್ಲಿ ಸ್ಪ್ರಿಂಗ್ ಬದಲಿಸಿಕೊಂಡು, ಮನೆಯಲ್ಲಿ ಮರುಜೋಡಿಸುವುದು ಅನುಭವವಿಲ್ಲದವರಿಗೆ ಕ್ಷೇಮಕರ ಮಾರ್ಗ.

ಮರುಜೋಡಣೆಯಲ್ಲಿ ಮೂರು ವಿಷಯ ಮುಖ್ಯ. ಒಂದು, ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಎರಡು, ತಾನೇ ಬಿಗಿದುಕೊಳ್ಳುವ ನಟ್ಟುಗಳನ್ನು ಹೊಸದಾಗಿ ಹಾಕಿ, ಟಾರ್ಕ್ ಸ್ಪಾನರ್‌ನಿಂದ ಕೈಪಿಡಿಯ ಅಳತೆಗೆ ಬಿಗಿಯಬೇಕು. ಮೂರು, ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಬಳಿಕವೇ ಕೊನೆಯದಾಗಿ ಬಿಗಿಯಬೇಕು. ಚಕ್ರ ನೇತಾಡುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಲ್ಲಿಂದ ನೇರವಾಗಿ ವೀಲ್ ಅಲೈನ್‌ಮೆಂಟ್‌ಗೆ ಹೋಗಬೇಕು. ಹೆಡ್‌ಲೈಟಿನ ದಿಕ್ಕನ್ನೂ ಸರಿನೋಡಿಸಬೇಕು.

ವಿಮೆಯ ಪ್ರಶ್ನೆ

ವಿಮಾ ಕಂಪೆನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ಬಳಿಕ ಬೆಳಕಿಗೆ ಬಂದರೆ ಪರಿಹಾರಕ್ಕೆ ತಕರಾರು ಎದುರಾಗಬಹುದು. ಹೊಸ ಕಾರಿನ ವಾರಂಟಿಗೂ ಇದೇ ಸಮಸ್ಯೆ. ಬದಲಿಸಿದ ಭಾಗಗಳ ರಸೀದಿ ಮತ್ತು ಸಾಧ್ಯವಾದರೆ ಹಳೆಯ ಭಾಗಗಳನ್ನು ಇಟ್ಟುಕೊಳ್ಳುವುದು ಜಾಣತನ. ಸಂದೇಹವಿದ್ದಲ್ಲಿ ಕೆಲಸಕ್ಕೆ ಮೊದಲೇ ವಿಮಾ ಕಂಪೆನಿ ಹಾಗೂ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು.

ಆಸಕ್ತರಿಗೆ ಬೇರೆ ದಾರಿ

ವೇಗ ಮತ್ತು ಯಂತ್ರದ ಹುಚ್ಚಿಗೆ ಸಾರ್ವಜನಿಕ ರಸ್ತೆಯೇ ಆಗಬೇಕೆಂದಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ ನಡೆದ ರ‍್ಯಾಲಿಗಳು ರಾಷ್ಟ್ರೀಯ ಮಟ್ಟದಲ್ಲಿ ಹೆಸರಾಗಿವೆ. ದೇಶದ ಮೋಟಾರು ಕ್ರೀಡಾ ಕ್ಲಬ್‌ಗಳ ಒಕ್ಕೂಟದ ನಿಯಮಗಳಡಿ ಇಂಥ ಸ್ಪರ್ಧೆಗಳು ನಡೆಯುತ್ತವೆ. ವಿದ್ಯಾರ್ಥಿಗಳಿಗೆ ಫಾರ್ಮುಲಾ ಸ್ಟೂಡೆಂಟ್, ಬಾಹಾದಂಥ ಸ್ಪರ್ಧೆಗಳಿವೆ. ಮಣಿಪಾಲದ ವಿದ್ಯಾರ್ಥಿ ತಂಡಗಳು ಇವುಗಳಲ್ಲಿ ಭಾಗವಹಿಸುತ್ತ ಬಂದಿವೆ.

ಈ ಸ್ಪರ್ಧೆಗಳ ನಿಯಮಗಳೇ ಒಂದು ಪಾಠ. ಫಾರ್ಮುಲಾ ಸ್ಟೂಡೆಂಟ್‌ನ ಪೆಟ್ರೋಲ್ ಕಾರಿನ ಎಂಜಿನ್ 710 ಸಿ.ಸಿ. ಮೀರುವಂತಿಲ್ಲ. ಅದು ಉಸಿರಾಡುವ ಗಾಳಿಯೆಲ್ಲ 20 ಮಿಲಿಮೀಟರ್ ವ್ಯಾಸದ ಒಂದೇ ಕಂಡಿಯ ಮೂಲಕ ಹಾದುಹೋಗಬೇಕು. ಶಬ್ದಕ್ಕೂ ಅಲ್ಲಿ ಪರೀಕ್ಷೆಯಿದೆ. ಮಿತಿ ಮೀರಿದ ಕಾರು ಟ್ರ್ಯಾಕ್‌ಗೆ ಇಳಿಯುವಂತಿಲ್ಲ. ಶಕ್ತಿಗೆ ಹೀಗೆ ಕಡಿವಾಣ ಬಿದ್ದಾಗ ಗೆಲುವನ್ನು ನಿರ್ಧರಿಸುವುದು ಹಗುರ ದೇಹ ಮತ್ತು ಸಸ್ಪೆನ್ಷನ್‌ನ ನಿಖರ ಹೊಂದಾಣಿಕೆ. ಓಟಕ್ಕೆಂದೇ ಕಟ್ಟಿದ ಕಾರಿಗೂ ಸೈಲೆನ್ಸರ್ ಬೇಕು ಎಂದಾದರೆ, ಆಸ್ಪತ್ರೆಯ ಮುಂದೆ ಹಾದುಹೋಗುವ ಕಾರಿಗೆ ಬೇಡವೆನ್ನಲು ಕಾರಣವೇ ಇಲ್ಲ.

ನೆನಪಿನಲ್ಲಿರಲಿ

* ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಅದರ ಸಂವೇದಕಗಳನ್ನು ಕದಲಿಸಬಾರದು.
* ಸ್ಪ್ರಿಂಗ್ ಕತ್ತರಿಸುವುದು, ಬಿಸಿಮಾಡಿ ತಗ್ಗಿಸುವುದು ಸರ್ವಥಾ ಸಲ್ಲದು.
* ಬರಿಯ ಜಾಕ್ ಅಥವಾ ಮುರಕಲ್ಲಿನ ಆಧಾರದಲ್ಲಿ ನಿಂತ ಕಾರಿನಡಿ ತೂರಬಾರದು.
* ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಬಾರದು.
* ಸಸ್ಪೆನ್ಷನ್ ಕೆಲಸದ ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು.
* ಒಬ್ಬರೇ ಕೆಲಸ ಮಾಡಬಾರದು. ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಬ್ಬರಿರಲಿ.